ಕೊಲೆಸ್ಟ್ರಾಲ್ ಮಾತ್ರೆ: ಕನ್ನಡದಲ್ಲೂ ಮಾಹಿತಿ ಕೊಡಿ

ಮೈಕೈ ನೋವು ಬಂತೆಂದು ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯನ್ನು ವೈದ್ಯರಿಗೂ ಹೇಳದೆ ನಿಲ್ಲಿಸುವುದು ಸರಿಯಲ್ಲ. ಹೃದಯಾಘಾತ, ಪಾರ್ಶ್ವವಾಯು ತಡೆಯಲೆಂದೇ ಕೊಡುವ ಮಾತ್ರೆ ಇದು, ಅಲ್ವಾ? ಲಂಡನ್ನಿನ ಇಂಪೀರಿಯಲ್ ಕಾಲೇಜಿನವರು, ತೊಂದರೆಯಾಯಿತೆಂದು ಇದನ್ನು ಬಿಟ್ಟಿದ್ದ 60 ಜನರಿಗೆ ಕೆಲವು ತಿಂಗಳು ಸ್ಟ್ಯಾಟಿನ್, ಕೆಲವು ತಿಂಗಳು ಔಷಧವೇ ಇಲ್ಲದ ಹುಸಿ ಮಾತ್ರೆ ಕೊಟ್ಟು ನೋಡಿದರು. ತೊಂದರೆಯಲ್ಲಿ ಶೇ 90ರಷ್ಟು ಹುಸಿ ಮಾತ್ರೆಯಲ್ಲೂ ಕಾಣಿಸಿತ್ತು! 2020ರಲ್ಲಿ ಪ್ರಕಟವಾದ ಫಲಿತಾಂಶವಿದು.

ಹಾಗಂತ ನೋವೆಲ್ಲ ಸುಳ್ಳಲ್ಲ. ಸ್ನಾಯು ವಿಪರೀತ ನೋಯುತ್ತಿದ್ದು ಮೂತ್ರ ಕಪ್ಪಗಾದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಅಪರೂಪವಾದರೂ ಕಿಡ್ನಿಗೇ ಪೆಟ್ಟು ಬೀಳಬಹುದು. ಉಳಿದಂತೆ ಡೋಸ್ ಇಳಿಸುವ, ಬೇರೆ ಸ್ಟ್ಯಾಟಿನ್‌ಗೆ ಬದಲಾಯಿಸುವ ದಾರಿಗಳಿವೆ. ಇಷ್ಟನ್ನು ಕನ್ನಡದ ಸಣ್ಣ ಚೀಟಿಯೊಂದರಲ್ಲಿ ಅಚ್ಚು ಹಾಕಿಸಿ, ಮೊದಲ ಸಲ ಮಾತ್ರೆ ಕೊಡುವಾಗಲೇ ಕೈಗಿಡುವ ವ್ಯವಸ್ಥೆಯನ್ನು ಆರೋಗ್ಯ ಇಲಾಖೆ ಮಾಡಲಿ.

– ಒಬ್ಬ ಓದುಗ, ಮೈಸೂರು