ಬೇಜಾರಾದವರಿಗೆ ಬೇಜಾರಾಗಲು ಬಿಡಿ

ಸಂಪಾದಕರೇ,

ನಿಮ್ಮ ಭಾನುವಾರದ ಪುರವಣಿಯಲ್ಲಿ ಜಪಾನಿನ ಸಂಗೀತಗಾರ ರ್ಯುಯಿಚಿ ಸಕಾಮೊಟೊ ಅವರ ‘12’ ಆಲ್ಬಂ ಬಗ್ಗೆ ಲೇಖನ ಬಂದ ಮೇಲೆ ಮೂರು ವಾರದಿಂದ ಓದುಗರ ಪತ್ರಗಳನ್ನು ನೋಡುತ್ತಿದ್ದೇನೆ. ಒಬ್ಬರು ಕೇಳಿ ಕಣ್ಣೀರು ಬಂತು ಎಂದರು. ಇನ್ನೊಬ್ಬರು ಇದು ಸಂಗೀತವೇ ಅಲ್ಲ, ಪಿಯಾನೋ ಮೇಲಿನ ಧೂಳು ಒರೆಸುವಾಗ ಬರುವ ಸದ್ದು ಎಂದರು (ಓದಿ ನನಗೆ ನಗು ತಡೆಯಲಾಗಲಿಲ್ಲ). ಅದಕ್ಕೆ ಮೂರನೆಯವರು, ಸಾಯುತ್ತಿದ್ದ ಮನುಷ್ಯ ನುಡಿಸಿದ್ದು, ನಿಮಗೆ ಸ್ವಲ್ಪವಾದರೂ ಕರುಣೆ ಬೇಡವೇ ಎಂದು ಗದರಿಸಿದ್ದಾರೆ. ಈ ಪತ್ರ ಆ ಮೂರನೆಯವರಿಗೆ. ನನಗೆ ಆ ಆಲ್ಬಂ ಇಷ್ಟ, ತುಂಬಾ ಇಷ್ಟ. ಆದರೆ ಬೇಜಾರಾಯಿತು ಎಂದವರ ಬಾಯಿಗೆ ಹೀಗೆ ಬೀಗ ಹಾಕುವುದು ಸರಿಯಲ್ಲ.

ಆ ಲೇಖನ ಓದದವರಿಗೆ ನಾಲ್ಕು ಮಾತು. ಸಕಾಮೊಟೊ ಹುಟ್ಟಿದ್ದು 1952ರಲ್ಲಿ, ಟೋಕಿಯೊದಲ್ಲಿ. 1978ರಲ್ಲಿ ಶುರುವಾದ ಯೆಲ್ಲೋ ಮ್ಯಾಜಿಕ್ ಆರ್ಕೆಸ್ಟ್ರಾ ಎಂಬ ಬ್ಯಾಂಡಿನ ಮೂವರಲ್ಲಿ ಒಬ್ಬರು, ಅಂದರೆ ಸಿಂಥಸೈಸರ್ (ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ವಾದ್ಯ) ಹಿಡಿದು ಜನರನ್ನು ಕುಣಿಸಿದವರು. ‘ದಿ ಲಾಸ್ಟ್ ಎಂಪರರ್’ ಸಿನಿಮಾದ ಸಂಗೀತಕ್ಕೆ ಇನ್ನಿಬ್ಬರ ಜೊತೆ ಆಸ್ಕರ್ ಹಂಚಿಕೊಂಡವರು. 2014ರಲ್ಲಿ ಗಂಟಲಿನ ಕ್ಯಾನ್ಸರ್ ಬಂತು. ಅದರಿಂದ ಚೇತರಿಸಿಕೊಂಡರು ಅನ್ನುವಷ್ಟರಲ್ಲಿ 2020ರಲ್ಲಿ ಕರುಳಿನ ಕೆಳಭಾಗದಲ್ಲಿ ಮತ್ತೊಂದು. ದೊಡ್ಡ ಆಪರೇಷನ್ ಮುಗಿಸಿ, ತಾತ್ಕಾಲಿಕವಾಗಿ ಹಿಡಿದ ಮನೆಗೆ ಬಂದು, ಸ್ವಲ್ಪ ಎದ್ದು ಕೂರುವಂತಾದ ಮೇಲೆ ಒಂದು ದಿನ ಸಿಂಥಸೈಸರ್ ಮುಟ್ಟಿದರಂತೆ. ಏನೋ ರಚಿಸಬೇಕು ಅಂತಲ್ಲ, ಸುಮ್ನೆ ಸದ್ದಿನಲ್ಲಿ ಮೈ ನೆನೆಸಿಕೊಳ್ಳಬೇಕು ಅನ್ನಿಸಿತಂತೆ. ಆಮೇಲೆ ಡೈರಿ ಬರೆದ ಹಾಗೆ ಆಗಾಗ ನುಡಿಸಿ ರೆಕಾರ್ಡ್ ಮಾಡಿಟ್ಟರು. ಅದರಲ್ಲಿ ಆರಿಸಿದ ಹನ್ನೆರಡು ತುಣುಕುಗಳೇ ಈ ಆಲ್ಬಂ. ಹೆಸರಿನ ಜಾಗದಲ್ಲಿ ಬರೀ ತಾರೀಖು. ಮೊದಲನೆಯದು 20210310, ಅಂದರೆ 2021ರ ಮಾರ್ಚ್ 10. ಅವರ 71ನೇ ಹುಟ್ಟುಹಬ್ಬದ ದಿನ, 2023ರ ಜನವರಿ 17ಕ್ಕೆ ಹೊರಬಂತು. ಆ ವರ್ಷದ ಮಾರ್ಚ್ 28ಕ್ಕೆ ಅವರು ಹೋದರು.

ನಿಮ್ಮ ಪತ್ರದಂಕಣದಲ್ಲಿ ಜಾಸ್ತಿ ಜಗಳ ನಡೆದಿರುವುದು ಉಸಿರಿನ ವಿಷಯಕ್ಕೆ. ಕೆಲವು ತುಣುಕುಗಳಲ್ಲಿ ಪಿಯಾನೋ ಜೊತೆಗೆ ಅವರು ಉಸಿರು ಎಳೆದು ಬಿಡುವುದೂ ಸ್ಪಷ್ಟವಾಗಿ ಕೇಳಿಸುತ್ತದೆ. ಅಳಿಸಬೇಕು ಅಂದಿದ್ದರೆ ಅಳಿಸಬಹುದಿತ್ತು, ಅಳಿಸಿಲ್ಲ. ಒಬ್ಬರಿಗೆ ಅದೇ ಆಲ್ಬಮ್ಮಿನ ಜೀವ, ಇನ್ನೊಬ್ಬರಿಗೆ ಪಕ್ಕದ ಮಂಚದಲ್ಲಿ ಯಾರೋ ಮಲಗಿದ ಹಾಗೆ. ಆಸ್ಪತ್ರೆಯಲ್ಲಿ ರಾತ್ರಿ ರೋಗಿಯ ಪಕ್ಕ ಕೂತವರಿಗೆ ಆ ಸದ್ದು ಗೊತ್ತು. ನಮ್ಮ ಭಾವ ಹೋದ ವರ್ಷ ಅವರ ತಂದೆಯ ಪಕ್ಕದಲ್ಲಿ ಹಾಗೆ ಒಂಬತ್ತು ರಾತ್ರಿ ಕೂತಿದ್ದರು. ನಾನು ಹುರುಪಿನಲ್ಲಿ ಅವರ ಕಿವಿಗೆ ಇಯರ್‌ಫೋನ್ ಕೊಟ್ಟೆ. ಎರಡು ನಿಮಿಷ ಕೇಳಿದರು, ತೆಗೆದು ನನ್ನ ಕೈಗಿಟ್ಟು, ಕಾಫಿ ಬೇಕಾ ಅಂತ ಕೇಳಿ ಎದ್ದುಹೋದರು. ಈಗ ಅವರಿಗೆ ಕರುಣೆ ಇಲ್ಲ ಅನ್ನೋದಾ?

ನನ್ನ ಹೆಂಡತಿಯದು ಇನ್ನೂ ಸರಳ. ಅವಳಿಗೆ ಬೇಜಾರಾಯಿತು, ಅಷ್ಟೇ. ‘ಯಾವಾಗ ಶುರುವಾಗುತ್ತೆ ರೀ ಇದು?’ ಅಂತ ಕೇಳಿದಳು, ಆಗಲೇ ನಾಲ್ಕನೆಯ ತುಣುಕು ನಡೆಯುತ್ತಿತ್ತು. ನನಗೂ ಮೊದಲ ಸಲ ಹಾಗೇ ಆಗಿತ್ತು ಅಂತ ಒಪ್ಪಿಕೊಳ್ಳಬೇಕು. ಮೊದಲು ಕೇಳಿದ್ದು ಬಸ್ಸಿನಲ್ಲಿ, ಸಾಯಂಕಾಲದ ಟ್ರಾಫಿಕ್ಕಿನಲ್ಲಿ. ಏನೂ ಕೇಳಿಸಲಿಲ್ಲ. ಎಲ್ಲೋ ಒಂದು ಟಿಂಗ್ ಅನ್ನುತ್ತದೆ, ಆಮೇಲೆ ಹಾರ್ನು, ಆಮೇಲೆ ಕಂಡಕ್ಟರ್ ಚಿಲ್ಲರೆ ಕೇಳುತ್ತಾನೆ. ದುಡ್ಡು ದಂಡ ಅಂದುಕೊಂಡೆ. ಒಂದು ರಾತ್ರಿ ಕರೆಂಟು ಹೋಯಿತು. ಫ್ಯಾನ್ ನಿಂತಿತು, ಫ್ರಿಜ್ಜಿನ ಗುಂಯ್ ನಿಂತಿತು, ಎದುರುಮನೆಯ ಟಿವಿಯೂ ಬಾಯಿ ಮುಚ್ಚಿತು, ಸೆಖೆಗೆ ನಿದ್ದೆಯಂತೂ ಬರುವ ಹಾಗಿರಲಿಲ್ಲ. ಫೋನಿನಲ್ಲಿ ಉಳಿದಿದ್ದ ಚಾರ್ಜಿನಲ್ಲಿ ಇದನ್ನೇ ಹಾಕಿದೆ. ಅವತ್ತು ಗೊತ್ತಾಯಿತು, ಬಸ್ಸಿನಲ್ಲಿ ನಾನು ಕೇಳಿದ್ದು ಈ ಆಲ್ಬಮ್ಮಿನ ಅರ್ಧವನ್ನೂ ಅಲ್ಲ ಅಂತ.

ಯಾಕೆ ಅಂದರೆ ಪಿಯಾನೋ ಒಂದು ವಿಚಿತ್ರ ವಾದ್ಯ. ಕೀ ಒತ್ತಿದಾಗ ಒಳಗೆ ಒಂದು ಸುತ್ತಿಗೆ ತಂತಿಗೆ ಹೊಡೆದು ಹಿಂದೆ ಸರಿಯುತ್ತದೆ. ಆಮೇಲೆ ಆ ಸ್ವರ ನುಡಿಸುವವರ ಕೈ ಮೀರಿತು. ಬೆಳೆಸುವ ಹಾಗಿಲ್ಲ, ವೀಣೆಯಲ್ಲಿ ಎಳೆಯುವ ಹಾಗೆ ಎಳೆಯುವಂತಿಲ್ಲ, ಗಮಕವಂತೂ ದೂರದ ಮಾತು. ಪೆಡಲ್ ಒತ್ತಿ ಹಿಡಿದರೆ ತಾನಾಗಿ ಸಾಯುವವರೆಗೂ ಇರುತ್ತದೆ, ಬಿಟ್ಟರೆ ಅಲ್ಲೇ ನಿಲ್ಲುತ್ತದೆ. ಸಾಮಾನ್ಯವಾಗಿ ಪಿಯಾನೋ ನುಡಿಸುವವರು ಒಂದು ಸ್ವರ ಕರಗುವ ಮುಂಚೆ ಇನ್ನೊಂದನ್ನು ತಂದು ನಮಗೆ ಗೊತ್ತಾಗದ ಹಾಗೆ ನೋಡಿಕೊಳ್ಳುತ್ತಾರೆ. ಇವರು ಹಾಗೆ ಮಾಡುವುದಿಲ್ಲ. ಕರಗುವುದನ್ನೇ ಕಾಯುತ್ತಾರೆ, ನಾವೂ ಕಾಯಬೇಕು. ಬಸ್ಸಿನಲ್ಲಿ ಮೊದಲು ಕಳೆದುಹೋಗುವುದು ಆ ಕೊನೆಯ ನೂಲಿನಂಥ ಸದ್ದೇ.

ಒಬ್ಬ ಓದುಗರು ನಮ್ಮ ಆಲಾಪನೆಯೂ ಹೀಗೇ ಅಲ್ಲವೇ ಎಂದು ಬರೆದಿದ್ದರು. ಒಳ್ಳೆಯ ಮನಸ್ಸಿನಿಂದಲೇ ಬರೆದಿದ್ದಾರೆ, ಆದರೆ ನನಗೆ ಒಪ್ಪಿಗೆಯಿಲ್ಲ. ಆಲಾಪನೆ ನಿಧಾನವಾದರೂ ಅದಕ್ಕೊಂದು ದಾರಿ ಇದೆ. ಒಂದೊಂದೇ ಸ್ವರ ಹತ್ತಿ ಮೇಲಿನ ಷಡ್ಜಕ್ಕೆ ಹೋಗಿ ನಿಂತಾಗ ಸಭೆಯೇ ಒಂದು ಸಲ ಅಲ್ಲಾಡುತ್ತದೆ, ಯಾರೋ ‘ಭೇಷ್’ ಅನ್ನುತ್ತಾರೆ. ಇಲ್ಲಿ ಹತ್ತುವುದೂ ಇಲ್ಲ, ಇಳಿಯುವುದೂ ಇಲ್ಲ. ತಂಬೂರಿ ಮಾತ್ರ ಮೀಟುತ್ತಿದ್ದು ಹಾಡುವವರು ಬಾರದೇ ಇದ್ದರೆ ಹೇಗೆ, ಸ್ವಲ್ಪ ಹಾಗೆ. ನಮ್ಮ ಕಿವಿ ಪಳಗಿರುವುದು ಬೇರೆಯದಕ್ಕೆ. ಸಂಗೀತ ಬಲ್ಲವರಿಗೇ ಇದು ಜಾಸ್ತಿ ಬೇಜಾರು ತರುವುದನ್ನು ನೋಡಿದ್ದೇನೆ.

ಇನ್ನು ನಿಮ್ಮ ಲೇಖನದ ಬಗ್ಗೆಯೂ ಒಂದು ದೂರು. ಕೊನೆಯಲ್ಲಿ ‘ರಾತ್ರಿ ಮಲಗುವ ಮುನ್ನ ಹಾಕಿಕೊಂಡರೆ ಒಳ್ಳೆಯ ನಿದ್ದೆ ಗ್ಯಾರಂಟಿ’ ಎಂದು ಬರೆಯಬೇಕಿತ್ತಾ? ನನ್ನ ಫೋನಿನ ಆ್ಯಪ್ ಕೂಡ ಇದೇ ಕೆಲಸ ಮಾಡುತ್ತದೆ, ಮಳೆ ಸದ್ದು, ಮಗು ಮಲಗಿಸುವ ಸದ್ದು, ಅದರ ಕೆಳಗೆ ಸಕಾಮೊಟೊ. ಹಿನ್ನೆಲೆಯ ಸಂಗೀತ ಅನ್ನುವುದು ಕೀಳು ಅಂತ ನಾನು ಹೇಳುತ್ತಿಲ್ಲ. ಅದಕ್ಕೂ ಒಂದು ವಂಶಾವಳಿ ಇದೆ. ಫ್ರಾನ್ಸಿನ ಎರಿಕ್ ಸಾಟಿ ನೂರು ವರ್ಷದ ಹಿಂದೆಯೇ ಕುರ್ಚಿ ಮೇಜಿನ ಹಾಗೆ ಕೋಣೆಯಲ್ಲಿ ಬಿದ್ದಿರುವ ಸಂಗೀತ ಮಾಡಲು ಹೊರಟರು. 1920ರಲ್ಲಿ ಪ್ಯಾರಿಸ್ಸಿನಲ್ಲಿ ನಾಟಕದ ಬಿಡುವಿನಲ್ಲಿ ಅದನ್ನು ನುಡಿಸಿದಾಗ ಜನ ತೆಪ್ಪಗೆ ಕೂತು ಕೇಳಿಬಿಟ್ಟರು. ಪಾಪ ಸಾಟಿ, ಮಾತಾಡಿ, ಓಡಾಡಿ, ಕೇಳಬೇಡಿ ಅಂತ ಗೋಗರೆಯಬೇಕಾಯಿತು! 1975ರಲ್ಲಿ ಇಂಗ್ಲೆಂಡಿನ ಸಂಗೀತಗಾರ ಬ್ರಯಾನ್ ಈನೋ ಅಪಘಾತವಾಗಿ ಹಾಸಿಗೆ ಹಿಡಿದಿದ್ದರು. ನೋಡಲು ಬಂದಿದ್ದ ಸ್ನೇಹಿತೆ ತಂದಿದ್ದ ಹಾರ್ಪ್ ಎಂಬ ತಂತಿವಾದ್ಯದ ರೆಕಾರ್ಡನ್ನು ಅವರು ಕಷ್ಟಪಟ್ಟು ಹಾಕಿಕೊಂಡರೆ, ವಾಲ್ಯೂಮ್ ತೀರ ಕಮ್ಮಿ. ಮತ್ತೆ ಏಳಲು ಮೈಯಲ್ಲಿ ಶಕ್ತಿಯಿಲ್ಲ. ಹೊರಗಿನ ಮಳೆಯ ಜೊತೆ ಆ ಸಂಗೀತ ಬಂದೂ ಬರದ ಹಾಗೆ ಕೇಳಿಸಿತು. ಆಂಬಿಯೆಂಟ್, ಅಂದರೆ ಸುತ್ತಲಿನ ಸದ್ದಿನಲ್ಲಿ ಬೆರೆತುಹೋಗುವ ಸಂಗೀತ ಅನ್ನುವ ಆಲೋಚನೆ ಅವರಿಗೆ ಹುಟ್ಟಿದ್ದು ಅಲ್ಲಿ. 1978ರಲ್ಲಿ ವಿಮಾನ ನಿಲ್ದಾಣಕ್ಕೆಂದೇ ಒಂದು ಆಲ್ಬಂ ಮಾಡಿದರು, ಕೇಳಿದರೂ ಸರಿ, ಕೇಳದೆ ಬಿಟ್ಟರೂ ಸರಿ ಅನ್ನುವಂಥದ್ದು.

ಆದರೆ ಸಕಾಮೊಟೊ ಆ ಜಾತಿಯವರಾಗಿರಲಿಲ್ಲ. ನ್ಯೂಯಾರ್ಕಿನಲ್ಲಿ ಅವರಿಗೆ ಇಷ್ಟವಾದ ಒಂದು ಜಪಾನಿ ಹೋಟೆಲಿತ್ತು. ಊಟ ಚೆನ್ನಾಗಿತ್ತು, ಅಲ್ಲಿ ಹಾಕುವ ಹಾಡುಗಳು ಮಾತ್ರ ಸಹಿಸಲಾಗಲಿಲ್ಲ. ಸುಮ್ಮನಿರದೆ ಅಡುಗೆಯವರಿಗೇ ಬರೆದು ಹೇಳಿ, ಕೊನೆಗೆ ತಾವೇ ಕೂತು ಅಲ್ಲಿಗೆ ಹಾಡುಗಳ ಪಟ್ಟಿ ಮಾಡಿಕೊಟ್ಟರು. 2018ರಲ್ಲಿ ಪತ್ರಿಕೆಯಲ್ಲೂ ಬಂದಿತ್ತು. ಊಟದ ಮೇಜಿನಲ್ಲೂ ಕಿವಿ ಮುಚ್ಚಿಕೊಳ್ಳಲಾರದ ಮನುಷ್ಯನ ಡೈರಿಯನ್ನು ನಾವು ನಿದ್ದೆ ಗುಳಿಗೆ ಮಾಡಿಕೊಂಡಿದ್ದೇವೆ.

ಹಾಗಂತ ಆಲ್ಬಮ್ಮಿನಲ್ಲಿ ಎಲ್ಲವೂ ಚೆನ್ನಾಗಿದೆ ಅಂತ ನಾನು ಹೇಳಲಾರೆ. ಮೊದಲ ಭಾಗ ಜಾಸ್ತಿ ಸಿಂಥಸೈಸರ್, ಮಂಜಿನ ಹಾಗೆ ಹರಡಿಕೊಳ್ಳುತ್ತದೆ. ಒಂದೆರಡು ತುಣುಕುಗಳು ಬೇಕಾದ್ದಕ್ಕಿಂತ ಉದ್ದ, ಅಲ್ಲಿ ನನಗೂ ಮನಸ್ಸು ಹಾಲಿನ ಬಿಲ್ಲಿನ ಕಡೆ ಹೋಗುತ್ತದೆ. ಎರಡನೇ ಭಾಗದಲ್ಲಿ ಪಿಯಾನೋ ಒಂಟಿಯಾಗಿ ಉಳಿದಾಗಲೇ ಬೆಳಕು ಬೀಳುವುದು. 2022ರ ಮಾರ್ಚ್ 2ರ ತಾರೀಖಿನಲ್ಲಿ ಎರಡು ತುಣುಕುಗಳಿವೆ, ಒಂದಕ್ಕೆ ಮಾತ್ರ ‘ಸರಬಾಂದ್’ ಅಂತ ಬಾಲ ಹಚ್ಚಿದ್ದಾರೆ, ಯೂರೋಪಿನ ಹಳೆಯ ನಿಧಾನ ಕುಣಿತದ ಹೆಸರು ಅದು. ನನಗೆ ಕೇಳಿದರೆ ಇಡೀ ಆಲ್ಬಮ್ಮಿನಲ್ಲಿ ಅದಕ್ಕೇ ನನ್ನ ಓಟು.

ತಂಗಿಯ ಮಗಳು ಕೀಬೋರ್ಡ್ ಕಲಿಯುತ್ತಿದ್ದಾಳೆ. ಕ್ಯಾನ್ಸರು, ಸಾವು ಏನೂ ಹೇಳದೆ ಅವಳಿಗೆ ಕೇಳಿಸಿದೆ. ಶುರುವಿನಲ್ಲಿ ‘ಮಾಮ, ಯಾರೋ ಪ್ರಾಕ್ಟೀಸ್ ಮಾಡ್ತಿದ್ದಾರಾ?’ ಅಂದಳು. ಸರಬಾಂದ್ ಬಂದಾಗ ಫೋನು ಕಿತ್ತುಕೊಂಡು ಮತ್ತೆ ಮತ್ತೆ ಹಾಕಿದಳು. ಆಮೇಲೆ ಕತೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹೇಳಬಾರದಿತ್ತು ನೀವು, ಈಗ ಬೇರೆ ಥರ ಕೇಳಿಸ್ತಿದೆ’ ಅಂತ ನನ್ನ ಮೇಲೇ ಸಿಟ್ಟಾದಳು. ಕರುಣೆ ಬೇಡವೇ ಎಂದು ಕೇಳಿದ ಆ ಓದುಗರಿಗೆ ಈ ಹುಡುಗಿಯ ಮಾತನ್ನು ತಲುಪಿಸಬೇಕು ಅನ್ನಿಸಿತು.

ಕೊನೆಯ ತುಣುಕು ತೀರ ಚಿಕ್ಕದು, ಪಿಯಾನೋ ಇಲ್ಲ, ಗಾಳಿಗೆ ತೂಗಿದ ಗಂಟೆಗಳ ಹಾಗೆ ಸಣ್ಣ ಸದ್ದುಗಳು. ಅದು ಬರುವಾಗ ನನ್ನ ಹೆಂಡತಿ ಅಡುಗೆಮನೆಯಿಂದ ಬಂದು ಫೋನು ಇಣುಕಿದಳು. ಮೂವತ್ತು ವರ್ಷ ಬ್ಯಾಂಕಿನಲ್ಲಿ ಲೆಡ್ಜರ್ ನೋಡಿದವಳು. ಎಲ್ಲ ತಾರೀಖುಗಳೂ ಸಾಲಾಗಿ ಬಂದು, ಏಪ್ರಿಲ್ 4 ಆದ ಮೇಲೆ ಕೊನೆಗೆ ಮಾರ್ಚ್ 4 ಇರುವುದು ಅವಳ ಕಣ್ಣಿಗೆ ಬಿತ್ತು. ‘ಇದೊಂದು ಎಂಟ್ರಿ ಹಿಂದುಮುಂದಾಗಿದೆಯಲ್ರೀ’ ಅಂದಳು. ಅಷ್ಟು ದಿನದಿಂದ ಕೇಳುತ್ತಿದ್ದ ನಾನು ಅದನ್ನು ಗಮನಿಸಿಯೇ ಇರಲಿಲ್ಲ.

ಇತಿ,
ನಿಮ್ಮ ಓದುಗ,
ಜಯನಗರ, ಬೆಂಗಳೂರು