ಹಾಂಗ್‌ಝೌ ಹಾಕಿ ಫೈನಲ್: ಭಾನುವಾರ ಮಕ್ಕಳಿಗೆ ತೋರಿಸೋಣ

ಎಲ್ಲರಿಗೂ ನಮಸ್ಕಾರ. 2023ರಲ್ಲಿ ಚೀನಾದ ಹಾಂಗ್‌ಝೌನಲ್ಲಿ ನಡೆದ ಏಷ್ಯನ್ ಗೇಮ್ಸ್‌ನಲ್ಲಿ ಭಾರತಕ್ಕೆ 107 ಪದಕ, ಅದರಲ್ಲಿ 28 ಚಿನ್ನ. ನೂರು ದಾಟಿದ್ದು ಇದೇ ಮೊದಲು. ನಮ್ಮ ರೋಹನ್ ಬೋಪಣ್ಣ 43ನೇ ವಯಸ್ಸಿನಲ್ಲಿ ರುತುಜಾ ಭೋಸಲೆ ಜೊತೆ ಟೆನಿಸ್ ಮಿಶ್ರ ಡಬಲ್ಸ್ ಚಿನ್ನ ಗೆದ್ದರು!

ಆದರೆ ಮಕ್ಕಳು ನೋಡಲೇಬೇಕಾದದ್ದು ಪುರುಷರ ಹಾಕಿ. ಏಳು ಪಂದ್ಯ, 68 ಗೋಲು. ಫೈನಲ್‌ನ ಮೊದಲ ಕ್ವಾರ್ಟರ್‌ನಲ್ಲಿ ಜಪಾನ್ ಒಂದೂ ಗೋಲು ಬಿಡಲಿಲ್ಲ. ನಮ್ಮವರು ಗಡಿಬಿಡಿ ಮಾಡಲಿಲ್ಲ. 25ನೇ ನಿಮಿಷದಲ್ಲಿ ಮನ್‌ಪ್ರೀತ್ ಸಿಂಗ್ ಮೊದಲ ಗೋಲು ಹೊಡೆದರು, ಕೊನೆಗೆ 5-1ರಿಂದ ಗೆದ್ದೆವು. ಆ ತಾಳ್ಮೆಯೇ ನನಗೆ ಜಾಸ್ತಿ ಇಷ್ಟವಾಯ್ತು. ಪ್ಯಾರಿಸ್ ಒಲಿಂಪಿಕ್ಸ್‌ಗೆ ನೇರ ಪ್ರವೇಶವೂ ಸಿಕ್ಕಿತು.

ಈ ಭಾನುವಾರ ಪೊನ್ನಂಪೇಟೆಯಲ್ಲಿ ಅಭ್ಯಾಸ ಮುಗಿದ ಮೇಲೆ ಪಂದ್ಯದ ರೆಕಾರ್ಡಿಂಗ್ ಹಾಕುತ್ತೇವೆ. ಮಳೆ ಬಂದರೂ ಇರುತ್ತದೆ. ಡಿಫೆನ್ಸ್ ಆಡುವ ಮಕ್ಕಳನ್ನು ತಪ್ಪದೆ ಕಳುಹಿಸಿ. ಪ್ರೊಜೆಕ್ಟರ್ ಇದ್ದವರು ಇಲ್ಲೇ ತಿಳಿಸಿ.