ಎಸ್‌ಪಿ ರೋಡಿನ ಆ ಅಣ್ಣನಿಗೆ ಥ್ಯಾಂಕ್ಸ್

ಅಕ್ಟೋಬರ್ ಕೊನೆಯ ವಾರಾಂತ್ಯ ಅಂದರೆ ನಮ್ಮಂಥ ಹ್ಯಾಮ್‌ಗಳಿಗೆ, ಅಂದರೆ ಹವ್ಯಾಸಿ ರೇಡಿಯೋದವರಿಗೆ ಹಬ್ಬ. ಸಿಕ್ಯೂ ವರ್ಲ್ಡ್‌ವೈಡ್ ಕಾಂಟೆಸ್ಟ್, ಜಗತ್ತಿನ ಬೇರೆ ಬೇರೆ ಕಡೆಯ ಹ್ಯಾಮ್‌ಗಳನ್ನು ರೇಡಿಯೋದಲ್ಲಿ ಸಂಪರ್ಕಿಸುವ ಸ್ಪರ್ಧೆ, 48 ಗಂಟೆ. ನಮ್ಮ ಲೆಕ್ಕದಲ್ಲಿ ಶನಿವಾರ ಬೆಳಗ್ಗೆ 5.30ಕ್ಕೆ ಶುರು. ಶುಕ್ರವಾರ ಮಧ್ಯಾಹ್ನ ಮಂಗಗಳು ತಾರಸಿ ಮೇಲಿನ ಆಂಟೆನಾ ಕೇಬಲ್ ಹಿಡಿದು ಜೋತಾಡಿವೆ. ಪ್ಲಗ್ ಕಿತ್ತು ಬಂದಿತ್ತು.

ಕೇಬಲ್ ಸುತ್ತಿಕೊಂಡು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್‌ಪಿ ರೋಡಿಗೆ ಓಡಿದೆ. ನೀವು ಶಟರ್ ಅರ್ಧ ಎಳೆದಿದ್ದಿರಿ. ಪಿಎಲ್-259 ಒಂದು ಕೊಡಿ ಅಂದೆ, ಆಂಟೆನಾ ಕೇಬಲ್ ತುದಿಗೆ ಹಾಕುವ ಪ್ಲಗ್ ಅದು. ಕೇಬಲ್ ತುದಿ ನೋಡಿದಿರಿ, ಏನೂ ಕೇಳದೆ ದೊಡ್ಡ ಸೋಲ್ಡರಿಂಗ್ ಐರನ್ ಕರೆಂಟಿಗೆ ಹಾಕಿದಿರಿ. ಆ ದಪ್ಪ ಪ್ಲಗ್ ಕಾಯಿಸಲು ಮನೆಯ ಸಣ್ಣ ಐರನ್ ಸಾಲದು, ಬಿಸಿಯನ್ನೆಲ್ಲ ಅದೇ ನುಂಗಿಬಿಡುತ್ತದೆ.

ಹೊರಗಿನ ಕಪ್ಪು ಸಿಪ್ಪೆಯನ್ನು ಬ್ಲೇಡಿನಲ್ಲಿ ಸುತ್ತಲೂ ಕೊಯ್ದಿರಿ, ಒಳಗಿನ ತಾಮ್ರದ ಒಂದು ಎಳೆಯೂ ತುಂಡಾಗಲಿಲ್ಲ. ನಾಲ್ಕೂ ತೂತುಗಳಲ್ಲಿ ಸೀಸ ಕರಗಿ ಹೊಳೆಯುವವರೆಗೆ ಕಾದಿರಿ. ನಾನು ಕೈ ಚಾಚಿದಾಗ ‘ತಡೀರಿ ಸಾರ್, ಆರಲಿ’ ಅಂದಿರಿ. ಆಮೇಲೆ ಮಲ್ಟಿಮೀಟರ್. ನಡುವಿನ ಪಿನ್ನಿಗೂ ಹೊರಮೈಗೂ ಹಿಡಿದಾಗ ಬೀಪ್ ಬರಲಿಲ್ಲ. ಅಬ್ಬಾ, ಶಾರ್ಟ್ ಇಲ್ಲ!

ದುಡ್ಡು ತೆಗೆದುಕೊಂಡಿದ್ದು ಪ್ಲಗ್‌ಗೆ ಮಾತ್ರ. ಮಳೆನೀರು ಇಳಿಯದಿರಲಿ ಅಂತ ರಬ್ಬರ್ ಟೇಪಿನ ತುಂಡನ್ನೂ ಸುಮ್ನೆ ಕೊಟ್ಟಿರಿ. ಅಷ್ಟು ಹೊತ್ತೂ ನಿಮ್ಮ ಟಿಫಿನ್ ಡಬ್ಬಿಯ ಚೀಲ ಹೆಗಲ ಮೇಲೇ ಇತ್ತು.

ರಾತ್ರಿ ಎಸ್‌ಡಬ್ಲ್ಯೂಆರ್ (ಕಳಿಸಿದ ಪವರ್ ಆಂಟೆನಾಗೆ ಹೋಗದೆ ಎಷ್ಟು ವಾಪಸ್ ಬರುತ್ತದೆ ಅನ್ನುವುದರ ಅಳತೆ, 1ಕ್ಕೆ ಹತ್ತಿರವಿದ್ದಷ್ಟೂ ಒಳ್ಳೆಯದು) 1.3. ನೆಮ್ಮದಿಯಾಗಿ ಮಲಗಿದೆ, ಅಲಾರಂ ಇಟ್ಟು. ಬೆಳಗ್ಗೆ ಜಪಾನಿನ ಸ್ಟೇಷನ್ ಒಂದು ಮೊದಲ ಕರೆಗೇ ಉತ್ತರ ಕೊಟ್ಟಿತು. ಮಾತಾಡಿದ್ದು ನಿಜ ಅಂತ ಹ್ಯಾಮ್‌ಗಳು ಕಳಿಸುವ ಕ್ಯೂಎಸ್‌ಎಲ್ ಕಾರ್ಡ್ ಅಲ್ಲಿಂದ ಬಂದರೆ ಅಂಗಡಿಗೆ ತಂದು ತೋರಿಸುತ್ತೇನೆ ಅಣ್ಣಾ.